ಹಿರಿಯಣ್ಣನನ್ನು ಕೊಟ್ಟು ಬೆಣ್ಣೆಗೈಯವನನ್ನು ತಂದದ್ದು

ನನಗೆ ಓಡಲು ಬಾರದು. ಎಸೆದದ್ದನ್ನು ಹಿಡಿಯಲಂತೂ ಮೊದಲೇ ಬಾರದು. ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡಿಸುತ್ತಿದ್ದ ಮೇಡಂ, ಚೆಂಡು ನನ್ನ ಕಡೆ ಬಂದಾಗಲೆಲ್ಲ ನಾನು ಕಣ್ಣು ಮುಚ್ಚಿ ಎರಡೂ ಕೈ ಜೋಡಿಸುವುದನ್ನು ನೋಡಿ ನೋಡಿ ಸಾಕಾಗಿ, "ನಿರ್ಮಲಾ, ಅದು ದೇವರಲ್ಲ ಕಣಮ್ಮ, ಚೆಂಡು" ಎಂದು ಹೇಳಿ ಸ್ಕೋರು ಬರೆಯಲು ಕೂರಿಸಿಬಿಟ್ಟಿದ್ದರು. ಅಂಥ ನಾನು ಒಂದು ಶರತ್ಕಾಲ ಪೂರ್ತಿ ಅಮೆರಿಕದ ಫುಟ್‌ಬಾಲ್ ತಂಡವೊಂದರ ಮಾಲೀಕಳಾಗಿದ್ದೆ ಎಂದರೆ ನೀವು ನಂಬುವುದಿಲ್ಲ. ನನ್ನ ಅಣ್ಣ ಇವತ್ತಿಗೂ ನಂಬಿಲ್ಲ.

ತಂಡ ಎಂದರೆ ಕಾಗದದ ತಂಡ. ನ್ಯೂಜರ್ಸಿಯ ಕ್ರ್ಯಾನ್‌ಬರಿ ಎಂಬ ಊರಿನ ಔಷಧ ಕಂಪನಿಯೊಂದರ ಪರೀಕ್ಷಾಲಯದಲ್ಲಿ ನನಗೆ ಕೆಲಸ. ಮಾತ್ರೆಗಳನ್ನು ನೀರಿಗೆ ಹಾಕಿ, ಎಷ್ಟು ಹೊತ್ತಿಗೆ ಕರಗುತ್ತವೆ ಎಂದು ಕಾಯುತ್ತ ನಿಲ್ಲುವ ಕೆಲಸ. ಅಲ್ಲಿ ಹತ್ತು ಜನ ಸೇರಿ ಒಂದು ಆಟ ಆಡುತ್ತಿದ್ದರು. ದೇಶದಲ್ಲಿ ನಿಜವಾಗಿ ಆಡುವ ಆಟಗಾರರನ್ನೇ ಒಬ್ಬೊಬ್ಬರೂ ಆರಿಸಿಕೊಂಡು, ಕಂಪ್ಯೂಟರಿನಲ್ಲಿ ತಮ್ಮದೊಂದು ತಂಡ ಕಟ್ಟಿಕೊಳ್ಳುವುದು. ಭಾನುವಾರ ಆ ಆಟಗಾರರು ಮೈದಾನದಲ್ಲಿ ಏನೇನು ಮಾಡಿದರೋ ಅದಕ್ಕೆ ತಕ್ಕಂತೆ ನಮಗೆ ಅಂಕ. ಬೇಕಾದರೆ ನಿಮ್ಮವನನ್ನು ನನಗೆ ಕೊಟ್ಟು ನನ್ನವನನ್ನು ನೀವು ತೆಗೆದುಕೊಳ್ಳಬಹುದು. ಅದಕ್ಕೆ ಟ್ರೇಡ್ ಎನ್ನುತ್ತಾರೆ. ಗೆದ್ದವರಿಗೆ ಒಂದು ಪ್ಲಾಸ್ಟಿಕ್ ಕಪ್ಪು. ಕೊನೆಗೆ ಬಂದವರು ಒಂದು ತಿಂಗಳು ಎಲ್ಲರಿಗೂ ಡೋನಟ್ ತರಬೇಕು. ಇಷ್ಟಕ್ಕಾಗಿ, ಎರಡೆರಡು ಡಿಗ್ರಿ ಪಡೆದ ಜನ ಲಂಚ್ ರೂಮಿನಲ್ಲಿ ಮುಷ್ಟಿ ಬಿಗಿದು ಕೂಗಾಡುತ್ತಿದ್ದರು.

ಈ ತಂಡ ನಾನು ಕಟ್ಟಿದ್ದಲ್ಲ, ಡೆನೀಸ್ ಕಟ್ಟಿದ್ದು. ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಡೆನೀಸ್ ನನಗಿಂತ ಹದಿನೈದು ವರ್ಷ ದೊಡ್ಡವರು. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲದಿದ್ದರೂ ಮನಸ್ಸಿನಲ್ಲಿ ನಾನು ಅವರನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಹಿಮದಲ್ಲಿ ಡ್ರೈವ್ ಮಾಡುವುದನ್ನು, ಕಾರಿನ ಗಾಜಿನ ಮೇಲಿನ ಮಂಜು ಕೆರೆಯುವುದನ್ನು, ಮ್ಯಾನೇಜರಿಗೆ ನಗುತ್ತಲೇ ಆಗುವುದಿಲ್ಲ ಎನ್ನುವುದನ್ನು ಕಲಿಸಿಕೊಟ್ಟವರು ಅವರು. ಫುಟ್‌ಬಾಲ್ ಅವರ ಮನೆತನದ ಆಸ್ತಿ. ಅವರಪ್ಪ ಹೆಣ್ಣುಮಕ್ಕಳನ್ನೆಲ್ಲ ಕೊರೆಯುವ ಚಳಿಯಲ್ಲಿ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರಂತೆ.

ಆ ವರ್ಷಗಳು ನಿಮಗೂ ನೆನಪಿರಬಹುದು. ನದಿಯಾಚೆ ಮ್ಯಾನ್‌ಹಟನ್‌ನಲ್ಲಿ ದೊಡ್ಡ ದೊಡ್ಡ ಬ್ಯಾಂಕುಗಳು ಬಿದ್ದವು. ಅದರ ಧೂಳು ನಿಧಾನವಾಗಿ ನಮ್ಮ ಮೇಜುಗಳ ಮೇಲೂ ಬಂದು ಕೂತಿತು. ಸೆಪ್ಟೆಂಬರಿನ ಒಂದು ಮಂಗಳವಾರ ಬೆಳಗ್ಗೆ ಡೆನೀಸ್ ಅವರನ್ನು ಒಳಗೆ ಕರೆದರು. ಇಪ್ಪತ್ತು ನಿಮಿಷದಲ್ಲಿ ಹೊರಗೆ ಬಂದು ತಮ್ಮ ಸಾಮಾನುಗಳನ್ನು ಒಂದು ರಟ್ಟಿನ ಡಬ್ಬಕ್ಕೆ ತುಂಬತೊಡಗಿದರು. ನಾನು ಆಗ ಏನು ಮಾಡಿದೆ ಎಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಎದ್ದು ಹೋಗಿ ಬಾತ್‌ರೂಮಿನೊಳಗೆ ಚಿಲಕ ಹಾಕಿಕೊಂಡೆ. ಅವರ ಮುಖ ನೋಡಿ ಏನು ಹೇಳಬೇಕೋ ತಿಳಿಯಲಿಲ್ಲ. ಅವರು ಹೋದರು ಎಂದು ಖಾತ್ರಿಯಾದ ಮೇಲೆ ಹೊರಗೆ ಬಂದರೆ ನನ್ನ ಮೇಜಿನ ಮೇಲೆ ಒಂದು ಹಳದಿ ಚೀಟಿ. ಅದರಲ್ಲಿ ತಂಡದ ಪಾಸ್‌ವರ್ಡು, ಕೆಳಗೆ ಒಂದು ಸಾಲು: "ನನ್ನ ಹುಡುಗರನ್ನು ನೋಡಿಕೊ."

ಸರಿ, ನೋಡಿಕೊಂಡೆ. ಹೇಗೆ ಎಂದು ಮಾತ್ರ ಕೇಳಬೇಡಿ. ಡೆನೀಸ್‌ಗೆ ಫೋನು ಮಾಡಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದೆ. ಕೆಲಸ ಕಳೆದುಕೊಂಡವರಿಗೆ ಫೋನು ಮಾಡಿ "ಹೇಗಿದ್ದೀರಿ" ಎಂದರೆ ಅದು ಗಾಯ ಕೆದಕಿದಂತೆ. ಬೇರೆ ಏನಾದರೂ ಮಾತಾಡಿದರೆ ಗಾಯವೇ ಕಾಣದವರಂತೆ. ಒಂದು ವಾರ ಆಯಿತು. ಎರಡನೇ ವಾರ, ಇಷ್ಟು ದಿನ ಯಾಕೆ ಮಾಡಲಿಲ್ಲ ಎಂಬುದಕ್ಕೂ ಉತ್ತರ ಹುಡುಕಬೇಕಾಯಿತು. ನಾಲ್ಕನೇ ವಾರಕ್ಕೆ ಆ ಫೋನು ನಮ್ಮ ಡ್ರೈವ್‌ವೇ ಮೇಲಿನ ಹಿಮದಂತೆ ಗಟ್ಟಿಯಾಗಿ ಕೂತಿತ್ತು. ಮೊದಲ ದಿನವೇ ಎತ್ತಿಹಾಕಿದ್ದರೆ ಒಂದು ಸಲಿಕೆಯ ಕೆಲಸ.

ಅಷ್ಟರಲ್ಲಿ ಅಕ್ಟೋಬರ್ ಬಂತು, ಅದರೊಂದಿಗೆ ಬೆಣ್ಣೆಗೈಯವನು ಬಂದ.

ಅವನು ವೈಡ್ ರಿಸೀವರ್. ಎಂದರೆ ಮೈದಾನದ ಅಂಚಿನಲ್ಲಿ ಜಿಂಕೆಯಂತೆ ಓಡಿ, ದೂರದಿಂದ ಎಸೆದ ಚೆಂಡನ್ನು ಹಿಡಿಯಬೇಕಾದವನು. ಓಟದಲ್ಲಿ ಅವನನ್ನು ಮೀರಿಸುವವರಿಲ್ಲ. ನೆಗೆದರೆ ಮರದ ತುದಿಯ ಮಾವಿನಕಾಯಿ ಕೀಳುವಷ್ಟು ಎತ್ತರ. ಒಂದೇ ತೊಂದರೆ: ಯಾರೂ ಹಿಡಿಯಲಾಗದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿಯುವ ಈ ಮಹಾಶಯ, ಮಡಿಲಿಗೆ ಬಂದು ಬಿದ್ದ ಚೆಂಡನ್ನು ಬಿಟ್ಟುಬಿಡುತ್ತಿದ್ದ. ಅವನ ಹಳೆಯ ತಂಡಕ್ಕೆ ಸಾಕಾಗಿ ಹೋಗಿತ್ತು. ಆಟದ ಋತು ಅರ್ಧ ದಾರಿಯಲ್ಲಿರುವಾಗ ಅವನನ್ನು ನಮ್ಮ ಭಾಗದ ನಿಜವಾದ ತಂಡವೇ ಟ್ರೇಡ್ ಮಾಡಿ ತಂದುಬಿಟ್ಟಿತು. ಈ ನಮ್ಮ ತಂಡದ ಹೆಸರು ನ್ಯೂಯಾರ್ಕಿನದು, ಮೈದಾನ ನ್ಯೂಜರ್ಸಿಯದು. ಗಂಡನ ಮನೆಯಲ್ಲಿದ್ದುಕೊಂಡು ತವರಿನ ಹೆಸರು ಬಿಡದವರ ಹಾಗೆ. ಆ ವಾರ ಎರಡು ರಾಜ್ಯಗಳಲ್ಲಿ ಬೇರೆ ಮಾತೇ ಇಲ್ಲ. ರೇಡಿಯೋ ಹಚ್ಚಿದರೆ ಅದೇ. ಗ್ಯಾಸ್ ಸ್ಟೇಷನ್ನಿನಲ್ಲಿ ಪೆಟ್ರೋಲು ಹಾಕುವವನು ಕಿಟಕಿಗೆ ಬಗ್ಗಿ, ಎಷ್ಟಕ್ಕೆ ಹಾಕಲಿ ಎಂದು ಕೇಳುವ ಮೊದಲು "ಆ ಟ್ರೇಡ್ ಬಗ್ಗೆ ಏನಂತೀರಿ?" ಎಂದು ಕೇಳಿದ. ನಾನು ಗಂಭೀರವಾಗಿ "ರಿಸ್ಕ್ ಇದೆ" ಎಂದೆ. ಹೇಳಿದ ಮೇಲೆ ಮನೆಯವರೆಗೂ ಒಬ್ಬಳೇ ನಗುತ್ತ ಬಂದೆ.

ಆ ವಾರದ ಗುರುವಾರ ನಮ್ಮ ಕಾಗದದ ಆಟದಲ್ಲೂ ಅವನು ಮಾರುಕಟ್ಟೆಗೆ ಬಂದ. ಪ್ಯಾಕೇಜಿಂಗ್ ವಿಭಾಗದ ಗ್ಯಾರಿ ಅವನ ಒಡೆಯ. ಹಿಂದೆ ಮೂರು ಸಲ ಕಪ್ಪು ಗೆದ್ದವನು, ಅದನ್ನು ಊಟದ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಂಡೇ ಉಣ್ಣುವವನು. "ನಿಮ್ಮ ಮುದುಕನನ್ನು ಕೊಡಿ, ನನ್ನ ರಿಸೀವರನ್ನು ತಗೊಳ್ಳಿ. ಭಾನುವಾರ ಒಂದು ಗಂಟೆಗೆ ಆಟ ಶುರುವಾಗುವುದರೊಳಗೆ ಹೇಳಿ" ಎಂದ. ಮುದುಕ ಎಂದದ್ದು ಡೆನೀಸ್ ಅವರ ಪ್ರೀತಿಯ ಆಟಗಾರನಿಗೆ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಜನರ ನಡುವೆ ನುಗ್ಗಿ ಓಡುವುದು ಅವನ ಕೆಲಸ. ನಾನು ಅವನನ್ನು ಹಿರಿಯಣ್ಣ ಎನ್ನುತ್ತಿದ್ದೆ. ಸರ್ಕಾರಿ ಬಸ್ಸಿನ ಸ್ವಭಾವ ಅವನದು. ವೇಗವಿಲ್ಲ, ವೈಭವವಿಲ್ಲ, ಆದರೆ ಹೊರಟ ಮೇಲೆ ನಾಲ್ಕು ಹೆಜ್ಜೆಯಾದರೂ ಮುಂದೆ ಹೋಗೇ ನಿಲ್ಲುತ್ತಾನೆ.

ಮನೆಗೆ ಬಂದು ವಿಷಯ ಹೇಳಿದ್ದೇ ತಡ, ಮನೆ ಎರಡು ಪಕ್ಷವಾಯಿತು. ನನ್ನ ಗಂಡ ರಮೇಶ್ ದಿನಾ ರೈಲು ಹಿಡಿದು ಜರ್ಸಿ ಸಿಟಿಗೆ ಕಮ್ಯೂಟ್ ಮಾಡುವವರು. ಅವರ ಆಫೀಸಿನಲ್ಲಿ ಅಷ್ಟು ಹೊತ್ತಿಗೆ ಮೂರು ಸಾಲು ಮೇಜುಗಳು ಖಾಲಿಯಾಗಿದ್ದವು. "ಈ ಟೈಮಲ್ಲಿ ಯಾರಾದ್ರೂ ರಿಸ್ಕ್ ತಗೋತಾರೇನೇ? ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತು. ಇರೋನ್ನ ಗಟ್ಟಿಯಾಗಿ ಹಿಡ್ಕೊ" ಎಂದರು. ಅವರು ಹಿರಿಯಣ್ಣನ ಬಗ್ಗೆ ಮಾತಾಡುತ್ತಿದ್ದಾರೋ ತಮ್ಮ ಕೆಲಸದ ಬಗ್ಗೆಯೋ ನನಗೆ ಅನುಮಾನವಾಯಿತು.

ಶುಕ್ರವಾರ ಸಂಜೆ ಪಿಂಟೋ ಅಂಕಲ್ ಬಂದರು. ಮೂಡುಬಿದಿರೆ ಕಡೆಯವರು, ಹೈವೇ ಎಕ್ಸಿಟ್ಟಿನ ಹತ್ತಿರ ಒಂದು ಸಣ್ಣ ಮೋಟೆಲ್ ನಡೆಸುತ್ತಾರೆ. ಆ ವರ್ಷ ರೂಮುಗಳು ಅರ್ಧಕ್ಕರ್ಧ ಖಾಲಿ. ಆದರೂ ಅಂಕಲ್ ಮುಖದಲ್ಲಿ ಯಾವಾಗಲೂ ಹಬ್ಬದ ಕಳೆ. ವಿಷಯ ಕೇಳಿ ಸೋಫಾದ ಅಂಚಿಗೆ ಜಾರಿ ಬಂದರು.

"ಎಂತ ಮಾರಾಯ್ರೆ ನೀವು! ಹೀಗೆ ಹೆದರಿಕೊಂಡು ಕೂತರೆ ಆಗ್ತದಾ? ಆ ಹುಡುಗನಿಗೆ ಊರು ಬದಲಾಗಿದೆ, ನೀರು ಬದಲಾಗಿದೆ. ಕೈ ಕೂಡ ಬದಲಾಗಬಹುದಲ್ಲ?"

"ಅಂಕಲ್, ಊರು ಬದಲಾದ್ರೆ ಕೈ ಬದಲಾಗತ್ತಾ?" ಎಂದರು ರಮೇಶ್.

"ಯಾಕೆ ಆಗುದಿಲ್ಲ? ನಾನು ಊರಲ್ಲಿ ಒಂದು ಲೋಟ ತೊಳೆದವನಲ್ಲ. ಇಲ್ಲಿ ದಿನಕ್ಕೆ ಮೂವತ್ತು ಬಾತ್‌ರೂಮು ತೊಳೆದಿದ್ದೇನೆ. ಕೈ ಬದಲಾಗಲಿಲ್ವಾ?"

ಇಬ್ಬರೂ ಕಾಫಿ ಆರುವವರೆಗೂ ವಾದಿಸಿದರು. ಬಿಸಿ ಮಾಡಿಕೊಟ್ಟೆ, ಮತ್ತೆ ಆರಿತು. ನಾನು ಮಧ್ಯೆ ಕೂತು ಬೇರೆಯದೇ ಯೋಚನೆಯಲ್ಲಿದ್ದೆ. ಇಂಗ್ಲಿಷಿನಲ್ಲಿ ಚೆಂಡು ಬಿಡುವವನಿಗೆ ಬೆಣ್ಣೆಬೆರಳಿನವನು ಎನ್ನುತ್ತಾರೆ. ಬೆಣ್ಣೆ ಮೆತ್ತಿದ ಕೈಯನ್ನು ಕಂಡರೆ ಕೈಮುಗಿಯುವ ನಾಡಿನಿಂದ ಬಂದ ನನಗೆ ಅದು ಬೈಗುಳ ಎಂದು ಅನ್ನಿಸುವುದೇ ಕಷ್ಟ. ಆದರೆ ನಮ್ಮ ಕನ್ನಡದಲ್ಲೂ ಮನುಷ್ಯರ ವ್ಯವಹಾರವೆಲ್ಲ ಕೈಯಲ್ಲೇ ಇದೆ. ಅಡುಗೆ ರುಚಿಯಾದರೆ ಕೈಗುಣ, ಔಷಧಿ ನಾಟಿದರೆ ಡಾಕ್ಟರ ಕೈಗುಣ. ಮದುವೆಯಾದರೆ ಕೈಹಿಡಿದ. ಮೋಸ ಮಾಡಿದರೆ, ವಿಚಿತ್ರ ನೋಡಿ, ಕೈಕೊಟ್ಟ! ಇನ್ನು ಕಷ್ಟಕಾಲದಲ್ಲಿ ಮುಖ ತಪ್ಪಿಸಿದವರಿಗೆ ಕೈಬಿಟ್ಟರು ಎನ್ನುತ್ತೇವೆ. ಈ ಕೊನೆಯ ಮಾತು ಬಂದಾಗ ನನ್ನ ಯೋಚನೆ ಅಲ್ಲೇ ನಿಂತಿತು. ಆ ಹುಡುಗ ಚೆಂಡನ್ನಷ್ಟೇ ಕೈಬಿಟ್ಟಿದ್ದ.

ಶನಿವಾರ ಬೆಳಗ್ಗೆಯೂ ನಾನು ಅಡುಗೆಮನೆಯಲ್ಲಿ ಕೊಡಲೋ ಬೇಡವೋ ಎಂದು ಗೊಣಗುತ್ತಿದ್ದಾಗ, ಹನ್ನೆರಡು ವರ್ಷದ ಮಗಳು ಅನಘಾ ಸೀರಿಯಲ್ ಬಟ್ಟಲಿನಿಂದ ತಲೆ ಎತ್ತಿದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲಿ. "ಜಸ್ಟ್ ಕಾಲ್ ಹರ್, ಅಮ್ಮಾ. ಇಟ್ಸ್ ಹರ್ ಟೀಮ್."

ಐದು ವಾರ ನನಗೆ ಹೊಳೆಯದ ಮಾತು. ಕೈ ಒರೆಸಿಕೊಂಡು ಫೋನು ತೆಗೆದುಕೊಂಡೆ. ಎರಡೇ ರಿಂಗಿಗೆ ಡೆನೀಸ್ ಎತ್ತಿದರು.

"ಡೆನೀಸ್, ನಾನು ನಿರ್ಮಲಾ" ಎಂದೆ. ಮುಂದೆ ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ಕ್ಷಮೆಯ ವಾಕ್ಯಕ್ಕೆ ಅವಕಾಶವೇ ಸಿಗಲಿಲ್ಲ.

"ಕೊನೆಗೂ!" ಎಂದು ಅವರು ಕಿರುಚಿದರು. "ರಜೆಯ ವಾರ ಅಂತ ಮನೇಲಿ ಕೂತಿರೋ ಆಟಗಾರನನ್ನ ನೀನು ತಂಡದಲ್ಲಿ ಆಡಿಸಿದೀಯ! ಒಂದ್ಸಲ ಅಲ್ಲ, ಎರಡು ಸಲ! ಪ್ರತಿ ಭಾನುವಾರ ಕಂಪ್ಯೂಟರ್ ಮುಂದೆ ಕೂತು ಪರದೆಗೆ ಬೈತಾ ಇದ್ದೆ. ಫೋನ್ ಮಾಡಿ ಹೇಳೋಣ ಅಂದ್ರೆ, ನಿನಗೆ ಮುಜುಗರ ಆಗುತ್ತೋ ಏನೋ ಅಂತ ಸುಮ್ಮನಿದ್ದೆ."

ಅವರಿಗೆ ಮುಜುಗರವಾಗುತ್ತದೆಂದು ನಾನು, ನನಗೆ ಮುಜುಗರವಾಗುತ್ತದೆಂದು ಅವರು! ನನಗೆ ನಗು ಬಂತು. "ಡೆನೀಸ್, ಅವತ್ತು ನಾನು ಸ್ಟೋರ್‌ರೂಮಿಗೆ ಹೋಗಿದ್ದೆ..." ಎಂದು ಸುಳ್ಳು ಶುರುಮಾಡಿದೆ.

"ನೀನು ಬಾತ್‌ರೂಮಲ್ಲಿದ್ದೆ" ಎಂದರು ಅವರು ಮೆತ್ತಗೆ. "ನಿನಗೆ ಬೈ ಹೇಳೋಣ ಅಂತ ಬಂದಿದ್ದೆ. ಬಾಗಿಲ ಕೆಳಗೆ ನಿನ್ನ ಶೂ ಕಾಣ್ತಿತ್ತು. ಪಾಪ, ಇರಲಿ ಅಂತ ವಾಪಸ್ ಹೋಗಿ ಚೀಟಿ ಬರೆದಿಟ್ಟೆ."

ನಾನು ಗಡಿಬಿಡಿಯಿಂದ, ಗ್ಯಾರಿ ಒಂದು ಟ್ರೇಡ್ ಕೇಳುತ್ತಿದ್ದಾನೆ ಎಂದೆ. ಅವರು, "ಸರಿ. ಆ ಗ್ಯಾರಿ ಏನು ಕೇಳ್ತಿದಾನೆ, ಸರಿಯಾಗಿ ಹೇಳು" ಎಂದರು.

ಒಂದೂಕಾಲು ಗಂಟೆ ಮಾತಾಡಿದೆವು. ಮೊದಲು ಡೆನೀಸ್ ಈ ಟ್ರೇಡಿಗೆ ಕಡುವಿರೋಧಿ. "ಅವನು ನಿನ್ನನ್ನ ಅಳಿಸ್ತಾನೆ. ನನ್ನ ಮೊದಲನೇ ಗಂಡ ಹಾಗೇ ಇದ್ದ. ನೋಡೋಕೆ ಚೆಂದ, ಬೇಕಾದ ಹೊತ್ತಿಗೆ ಇಲ್ಲ" ಎಂದರು. ನಾನು, ನನಗೇ ಆಶ್ಚರ್ಯವಾಗುವಂತೆ, ಪಿಂಟೋ ಅಂಕಲ್ ವಕೀಲಳಾಗಿ ವಾದಿಸಿದೆ. ಸ್ವಲ್ಪ ಹೊತ್ತಿಗೆ ಅವರು ಅವನ ಪರ ಆದರು, ನಾನು ಹೆದರಿ ಹಿರಿಯಣ್ಣನ ಪರ ಬಂದೆ. ಹೀಗೆ ಎರಡು ಸಲ ಪಕ್ಷ ಅದಲುಬದಲು ಮಾಡಿಕೊಂಡೆವು. ಒಲೆಯ ಮೇಲಿದ್ದ ಹುಳಿ ತಳಹಿಡಿಯಿತು. ಕೊನೆಗೆ ಡೆನೀಸ್ ದನಿ ತಗ್ಗಿಸಿ, ಗ್ಯಾರಿ ಗೋಡೆಯ ಹಿಂದೆಯೇ ಕೂತಿದ್ದಾನೋ ಎನ್ನುವಂತೆ, "ಕೊಡು. ಆದ್ರೆ ಅವನ ಕಿಕ್ಕರ್‌ನನ್ನೂ ಸೇರಿಸಿ ಕೇಳು" ಎಂದರು. ಕಿಕ್ಕರ್ ಎಂದರೆ ಆಟದಲ್ಲಿ ಅಪರೂಪಕ್ಕೆ ಬಂದು, ಚೆಂಡನ್ನು ಕಾಲಿನಿಂದ ಒದ್ದು, ಬೆಂಚಿಗೆ ವಾಪಸ್ಸಾಗುವ ಸಪೂರ ಮನುಷ್ಯ. ಅವನ ಬಗ್ಗೆ ಯಾರೂ ವಾದಿಸುವುದಿಲ್ಲ.

ಗ್ಯಾರಿಗೆ ಹಾಗೆಯೇ ಬರೆದೆ. ಹತ್ತೇ ನಿಮಿಷದಲ್ಲಿ ಅವನು ಒಪ್ಪಿಬಿಟ್ಟ. ಇಷ್ಟು ಬೇಗ ಒಪ್ಪಿದನಲ್ಲ! ಮತ್ತೆ ಡೆನೀಸ್‌ಗೆ ಫೋನು. "ನಾಳೆ ಮನೆಗೆ ಬನ್ನಿ, ಒಟ್ಟಿಗೇ ಅಳೋಣ" ಎಂದೆ.

ಭಾನುವಾರ ಮಧ್ಯಾಹ್ನ ಬಂದರು. ಅವರಪ್ಪನ ಕಾಲದ, ಮೊಣಕೈ ಹರಿದು ಹೊಲಿದ ತಂಡದ ಸ್ವೆಟರು ಹಾಕಿದ್ದರು. ಪಿಂಟೋ ಅಂಕಲ್ ಇಗರ್ಜಿಯ ಪೂಜೆ ಮುಗಿಸಿ, ಆಂಟಿ ಕರಿದುಕೊಟ್ಟ ಗೋಳಿಬಜೆಯ ಡಬ್ಬಿಯೊಂದಿಗೆ ನೇರವಾಗಿ ನಮ್ಮಲ್ಲಿಗೆ ಬಂದಿದ್ದರು. ಡೆನೀಸ್ ಒಂದು ತಿಂದು, "ಇದು ಏನು?" ಎಂದರು. ಅಂಕಲ್ "ಗೋಲಿ. ಬಾಲ್. ಇದನ್ನು ಯಾರೂ ಕೆಳಗೆ ಬಿಡುದಿಲ್ಲ" ಎಂದು ಇಂಗ್ಲಿಷಿನಲ್ಲಿ ವಿವರಿಸಿದರು.

ಆಟ ಶುರುವಾಗಿ ಐದು ನಿಮಿಷಕ್ಕೆ ಚೆಂಡು ಬೆಣ್ಣೆಗೈಯವನ ಕಡೆ ಹಾರಿತು. ಸುತ್ತ ಯಾರೂ ಇಲ್ಲ. ಚೆಂಡು ತಾನಾಗಿಯೇ ಬಂದು ಎರಡೂ ಅಂಗೈಗಳ ನಡುವೆ ಕೂತಿತು, ಅಲ್ಲಿಂದ ಎದ್ದು ಹುಲ್ಲಿನ ಮೇಲೆ ಮಲಗಿತು. ರಮೇಶ್ ನೀರು ಕುಡಿಯಲು ಎದ್ದು ಹೋದರು. ಗಂಡಂದಿರ ಈ ಬಗೆಯ ನೀರಡಿಕೆ ನಿಮಗೂ ಗೊತ್ತಿರಬಹುದು. ಅಂಕಲ್ ಶಿಲುಬೆಯ ಗುರುತು ಮಾಡಿಕೊಂಡರು. ಡೆನೀಸ್ ಟಿ.ವಿ.ಗೆ ಹೇಳಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಅನಘಾ ಅದನ್ನು ತುಂಬ ಆಸಕ್ತಿಯಿಂದ ಕೇಳಿಸಿಕೊಂಡಳು.

ದ್ವಿತೀಯಾರ್ಧದಲ್ಲಿ ಇನ್ನೊಂದು ಸಲ ಎಸೆದರು. ಈ ಸಲ ಇಬ್ಬರು ಅವನಿಗೆ ಅಂಟಿಕೊಂಡು ಓಡುತ್ತಿದ್ದರು. ಚೆಂಡು ಎತ್ತರ ಹೋಯಿತು, ಅಷ್ಟು ಎತ್ತರ ಯಾಕೆ ಎಸೆದನೋ. ನಾನು ಅಭ್ಯಾಸಬಲದಿಂದ ಕಣ್ಣು ಮುಚ್ಚಿದೆ. ಕಿವಿಗೆ ಮೊದಲು ಬಂದದ್ದು ಅಂಕಲ್ ಕೂಗಿದ "ಹಿಡ್ದ ಮಾರಾಯ್ರೆ!" ಕಣ್ಣು ಬಿಟ್ಟರೆ ಅವನು ಒಂದೇ ಕೈಯಲ್ಲಿ ಚೆಂಡು ಹಿಡಿದು ಓಡುತ್ತಿದ್ದಾನೆ; ಹಿಂದೆ ಇಬ್ಬರೂ ನೆಲದ ಮೇಲೆ. ಡೆನೀಸ್ ನನ್ನನ್ನು ಅನಾಮತ್ತಾಗಿ ಎತ್ತಿಬಿಟ್ಟರು. ನನ್ನ ಕಾಲು ತಗುಲಿ ಚಟ್ನಿಯ ಬಟ್ಟಲು ಕಾರ್ಪೆಟ್ಟಿನ ಮೇಲೆ ಮಗುಚಿತು. ರಮೇಶ್, ಹಿರಿಯಣ್ಣನ ಪಕ್ಷದ ರಮೇಶ್, ಸೋಫಾದ ಮೇಲೆ ಹತ್ತಿ ಕುಣಿಯುತ್ತಿದ್ದರು. ಕೆಲಸ, ಬ್ಯಾಂಕು, ಖಾಲಿ ರೂಮು ಎಲ್ಲವೂ ಆ ಹನ್ನೆರಡು ಸೆಕೆಂಡು ಎಲ್ಲಿ ಹೋಗಿದ್ದವೋ.

ಇನ್ನು ಆ ಮಹಾ ಚರ್ಚೆಯ ತೀರ್ಪು. ಆ ವಾರ ಹಿರಿಯಣ್ಣ ಗ್ಯಾರಿಯ ತಂಡಕ್ಕಾಗಿ ಹಿಂದೆಂದೂ ಓಡದ ಹಾಗೆ ಓಡಿ, ಬೆಣ್ಣೆಗೈಯವನಿಗಿಂತ ಜಾಸ್ತಿ ಅಂಕ ತಂದುಕೊಟ್ಟ. ಹಾಗಾದರೆ ರಮೇಶ್ ಸರಿ. ಆದರೆ ಆ ವಾರ ಕಾಗದದ ಆಟದಲ್ಲಿ ನಮಗೆ ಎದುರಾಗಿದ್ದ ಇನ್ನೊಬ್ಬರ ತಂಡದ ಮೇಲೆ ನಾವು ಎರಡು ಅಂಕದಿಂದ ಗೆದ್ದೆವು. ಹಾಗಾದರೆ ಅಂಕಲ್ ಸರಿ. ಆ ಎರಡು ಅಂಕ ಬಂದದ್ದು ಎಲ್ಲಿಂದ ಎಂದು ನೋಡಿದರೆ, ಯಾರೂ ಮಾತಾಡದ ಆ ಸಪೂರ ಕಿಕ್ಕರಿನಿಂದ. ಎರಡು ರಾಜ್ಯ ಒಂದು ವಾರ ಗಂಟಲು ಹರಿದುಕೊಂಡದ್ದಕ್ಕೂ ಫಲಿತಾಂಶಕ್ಕೂ ಸಂಬಂಧವೇ ಇರಲಿಲ್ಲ. ಬೆಣ್ಣೆಗೈಯವನು ಆಮೇಲೂ ಒಂದು ಹಿಡಿದ, ಒಂದು ಬಿಟ್ಟ. ಋತು ಮುಗಿದಾಗ ನಾವು ನಾಲ್ಕನೆಯವರು. ಕಪ್ಪೂ ಇಲ್ಲ, ಡೋನಟ್ಟೂ ಇಲ್ಲ.

ಡೆನೀಸ್ ಮಾತ್ರ ಅಷ್ಟೂ ಭಾನುವಾರ ಬಂದರು. ಎಷ್ಟೋ ಅರ್ಜಿಗಳಿಗೆ ಉತ್ತರವೇ ಬರಲಿಲ್ಲ ಎಂಬುದನ್ನು ಅವರು ಆಟದ ಮಧ್ಯದ ಜಾಹೀರಾತುಗಳಲ್ಲಿ, ಗೋಳಿಬಜೆ ಮುರಿಯುತ್ತ, ಚೂರುಚೂರಾಗಿ ಹೇಳಿದರು. ನೇರವಾಗಿ ಕೇಳಿದ್ದರೆ ಹೇಳುತ್ತಿರಲಿಲ್ಲ. ವಸಂತದಲ್ಲಿ ಅವರಿಗೆ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಅರ್ಧ ದಿನದ ಕೆಲಸ ಸಿಕ್ಕಿತು. ಸಂಬಳ ಕಡಿಮೆ. ಹುಡುಗರು ಮಾತ್ರ ಬೇಕಾದಷ್ಟು, ಎಲ್ಲರಿಗೂ ಫುಟ್‌ಬಾಲ್ ಹುಚ್ಚು.

ನಮ್ಮ ಮೈಸೂರು ಕಡೆ ದಾರಿಯಲ್ಲಿ ಸಿಕ್ಕವರನ್ನು "ಊಟ ಆಯ್ತಾ?" ಎಂದು ಕೇಳುತ್ತೇವೆ. ಆಗಿಲ್ಲ ಎಂದರೆ ಬಡಿಸುವ ಉದ್ದೇಶವೇನೂ ಇರುವುದಿಲ್ಲ. ನೀನು ಇದ್ದೀಯ, ನನ್ನ ಕಣ್ಣಿಗೆ ಬಿದ್ದಿದ್ದೀಯ ಎಂದು ಹೇಳುವ ಬಗೆ ಅದು. ಅಮೆರಿಕಕ್ಕೆ ಬಂದು ಎಷ್ಟೋ ವರ್ಷ, ಇಲ್ಲಿಯವರಿಗೆ ಅಂಥದೊಂದು ಮಾತೇ ಇಲ್ಲ ಎಂದುಕೊಂಡಿದ್ದೆ. ಇಲ್ಲಿಯವರು ಅದನ್ನು ವೈಡ್ ರಿಸೀವರುಗಳ ಮೂಲಕ ಕೇಳುತ್ತಾರೆ ಎಂದು ತಿಳಿಯಲು ಇಷ್ಟು ದಿನ ಬೇಕಾಯಿತು.

ಇದಕ್ಕೆಲ್ಲ ಮೊದಲು, ಆಟದ ಋತು ಇನ್ನೂ ನಡೆಯುತ್ತಿದ್ದ ಅದೇ ಡಿಸೆಂಬರಿನಲ್ಲಿ, ಇನ್ನೊಂದು ಮಂಗಳವಾರ ಬಂತು. ಈ ಸಲ ರಟ್ಟಿನ ಡಬ್ಬ ಹೊತ್ತು ಪಾರ್ಕಿಂಗ್ ಲಾಟಿಗೆ ನಡೆದವನು ಗ್ಯಾರಿ. ನಾನು ಕೋಟು ಹಾಕಿಕೊಳ್ಳುವುದನ್ನೂ ಮರೆತು ಹಿಂದೆಯೇ ಓಡಿದೆ. ಎದುರು ನಿಂತ ಮೇಲೆ ಏನು ಹೇಳಬೇಕೋ ತಿಳಿಯಲಿಲ್ಲ. ಆ ವಿದ್ಯೆ ನನಗೆ ಇನ್ನೂ ಬಂದಿರಲಿಲ್ಲ. "ಈ ಭಾನುವಾರ ಗಾಳಿ ಜೋರಂತೆ. ಚೆಂಡು ಎಸೆಯೋಕೆ ಯಾರನ್ನ ಹಾಕ್ತೀರಿ?" ಎಂದೆ. ಗ್ಯಾರಿ ಡಬ್ಬವನ್ನು ಕಾರಿನ ತಲೆಯ ಮೇಲಿಟ್ಟು, ಎರಡೂ ಕೈ ಆಡಿಸುತ್ತ, ಗಾಳಿಯಲ್ಲಿ ಹೊಸ ಹುಡುಗನಿಗಿಂತ ಹಳಬನೇ ವಾಸಿ ಎಂದು ವಿವರಿಸತೊಡಗಿದ. ಅವನು ಹೇಳಿದ್ದು ನೂರಕ್ಕೆ ನೂರು ಸರಿಯಾಗಿತ್ತು. ನಾನು ನಡುಗುತ್ತಲೇ, ಒಪ್ಪುವುದಿಲ್ಲ ಎಂದೆ. ಒಪ್ಪಿದ್ದರೆ ಮಾತು ಅಲ್ಲಿಗೇ ಮುಗಿದುಹೋಗುತ್ತಿತ್ತು.